ಪದವೃದ್ಧಿಯ ರೇಖೆ ಮತ್ತು ಗ್ನೂಪ್ಲಾಟ್: ಶೈಲಿಯ ಅಧ್ಯಯನಕ್ಕೆ ಒಂದು ಉಪಕರಣದ ಪರಿಚಯ

ಒಬ್ಬ ಲೇಖಕನ ಶಬ್ದಸಂಪತ್ತು ಹಿರಿದು, ಇನ್ನೊಬ್ಬನದು ಕಿರಿದು ಎಂಬ ಮಾತು ಕನ್ನಡ ವಿಮರ್ಶೆಗೆ ಹೊಸದಲ್ಲ. ಹೊರನಾಡಿನ ಸಂದರ್ಭದಲ್ಲಿ ಈ ಮಾತಿಗೆ ಇನ್ನೊಂದು ಮುಖವೂ ಇದೆ. ಊರಿನಿಂದ ದೂರ ಸರಿದ ಲೇಖಕನ ಕನ್ನಡ ಕಾಲಕ್ರಮದಲ್ಲಿ ಬಡವಾಗುತ್ತದೆ ಎಂದು ಕೆಲವರು ಹೇಳಿದರೆ, ಮಹಾನಗರದ ಬಹುಭಾಷಿಕ ಬದುಕು ಅದನ್ನು ಇನ್ನಷ್ಟು ಶ್ರೀಮಂತಗೊಳಿಸುತ್ತದೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಎರಡೂ ಹೇಳಿಕೆಗಳು ವಾಸ್ತವವಾಗಿ ಪ್ರಮಾಣವನ್ನು ಕುರಿತವು. ಆದರೆ ಅವುಗಳ ಬೆನ್ನಿಗೆ ಎಣಿಕೆ ಇರುವುದು ಅಪರೂಪ. ಎಣಿಕೆ ಇದ್ದಾಗಲೂ ಅದನ್ನು ಓದುವ ಕ್ರಮದಲ್ಲಿ ಎಡವುವ ಸಂಭವವೇ ಹೆಚ್ಚು.

ಯಶವಂತ ಚಿತ್ತಾಲರ ಕಥೆಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವುಗಳಲ್ಲಿ ಒಂದು ಗುಂಪು ಉತ್ತರ ಕನ್ನಡದ ಹನೇಹಳ್ಳಿಯ ನೆಲದಲ್ಲಿ ನಿಂತಿದೆ, ಇನ್ನೊಂದು ಮುಂಬಯಿಯಲ್ಲಿ. ಲೇಖಕ ಒಬ್ಬನೇ, ನೆಲ ಎರಡು. ಹನೇಹಳ್ಳಿಯ ಕಥೆಗಳಲ್ಲಿ ಹೊಸ ಪದಗಳು ಬರುವ ವೇಗವೂ ಮುಂಬಯಿ ಕಥೆಗಳಲ್ಲಿ ಬರುವ ವೇಗವೂ ಒಂದೆಯೇ ಎಂಬ ಪ್ರಶ್ನೆಯನ್ನು ಒಬ್ಬ ಸಂಶೋಧನ ವಿದ್ಯಾರ್ಥಿ ಎತ್ತಿಕೊಂಡರೆ ಆತನಿಗೆ ಬೇಕಾಗುವ ಉಪಕರಣ ಯಾವುದು, ಅದನ್ನು ಹೇಗೆ ಆರಂಭಿಸಬೇಕು, ಹೇಗೆ ಅಣಿಗೊಳಿಸಬೇಕು, ಅದು ಕೊಡುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ. ವೃತ್ತಿಯಿಂದ ರಸಾಯನ ತಂತ್ರಜ್ಞರಾಗಿದ್ದ ಚಿತ್ತಾಲರಿಗೆ ಅಳತೆಗಳ ನಡುವೆ ರೇಖೆ ಎಳೆಯುವ ಈ ಕೆಲಸ ಅಪರಿಚಿತವಾಗಿ ಕಾಣುತ್ತಿರಲಿಲ್ಲ.

ಮೊದಲ ತೊಡಕು ಕೃತಿಯ ಉದ್ದದ್ದು. ಒಂದು ಪಠ್ಯದಲ್ಲಿ ಪುನರುಕ್ತಿಯೂ ಸೇರಿ ಬರುವ ಪದಗಳ ಮೊತ್ತವನ್ನು ಒಟ್ಟು ಪದವೆಂದೂ ಪುನರುಕ್ತಿಯನ್ನು ಬಿಟ್ಟು ಉಳಿದದ್ದನ್ನು ಭಿನ್ನಪದವೆಂದೂ ಕರೆಯೋಣ. ಪಠ್ಯ ಉದ್ದವಾದಷ್ಟೂ ಭಿನ್ನಪದಗಳು ಹೆಚ್ಚುತ್ತವೆ, ಆದರೆ ಹೆಚ್ಚುವ ವೇಗ ಕುಗ್ಗುತ್ತ ಹೋಗುತ್ತದೆ. ಆದ್ದರಿಂದ ಇಪ್ಪತ್ತು ಪುಟದ ಕಥೆಯನ್ನೂ ನಾನೂರು ಪುಟದ ಕಾದಂಬರಿಯನ್ನೂ ಭಿನ್ನಪದಗಳ ಸಂಖ್ಯೆಯಿಂದ ನೇರವಾಗಿ ಹೋಲಿಸುವುದು ಸಲ್ಲದು. ಒಂದನ್ನು ಇನ್ನೊಂದರಿಂದ ಭಾಗಿಸಿದರೂ ದೋಷ ಪರಿಹಾರವಾಗುವುದಿಲ್ಲ. ಏಕೆಂದರೆ ಆ ಭಾಗಲಬ್ಧವೂ ಉದ್ದದೊಡನೆ ಇಳಿಯುತ್ತದೆ. ಗುಸ್ತಾವ್ ಹೆರ್ಡಾನ್ 1960ರಲ್ಲಿಯೂ ಹೀಪ್ಸ್ 1978ರಲ್ಲಿಯೂ ಪ್ರತಿಪಾದಿಸಿದ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಭಿನ್ನಪದಗಳ ಸಂಖ್ಯೆಯು ಒಟ್ಟು ಪದಗಳ ಯಾವುದೋ ಒಂದು ಘಾತಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ ಎಂಬುದು ಅದರ ತಿರುಳು. ಘಾತಾಂಕ 0.70 ಆಗಿದ್ದರೆ ಪಠ್ಯದ ಉದ್ದ ಇಮ್ಮಡಿಯಾದಾಗ ಭಿನ್ನಪದಗಳು ಸುಮಾರು ನೂರಕ್ಕೆ 62ರಷ್ಟು ಹೆಚ್ಚುತ್ತವೆ. 0.65 ಆಗಿದ್ದರೆ ನೂರಕ್ಕೆ 57ರಷ್ಟು. ಎಣಿಸಿ ಪಡೆದ ಬಿಂದುಗಳಿಗೆ ಈ ಸೂತ್ರವನ್ನು ಹೊಂದಿಸಿ ಘಾತಾಂಕವನ್ನು ಕಂಡುಹಿಡಿಯುವುದೇ ಕೆಲಸ.

ಹೊಂದಿಸುವುದೆಂದರೆ ಏನು? ಪ್ರತಿಯೊಂದು ಬಿಂದುವಿನಲ್ಲಿಯೂ ಎಣಿಕೆಗೂ ಸೂತ್ರಕ್ಕೂ ಇರುವ ಅಂತರವನ್ನು ಶೇಷವೆನ್ನುತ್ತಾರೆ. ಶೇಷಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆಯಾಗುವಂತೆ ಸೂತ್ರದ ನಿಯತಾಂಕಗಳನ್ನು ಆರಿಸುವುದು ಕನಿಷ್ಠ ವರ್ಗ ವಿಧಾನ. ಲೆಜಾಂಡ್ರ್ 1805ರಲ್ಲಿ ಇದನ್ನು ಪ್ರಕಟಿಸಿದ, ಗೌಸ್ 1809ರಲ್ಲಿ. ಖಗೋಳಶಾಸ್ತ್ರಕ್ಕೆಂದು ಹುಟ್ಟಿದ ಈ ವಿಧಾನಕ್ಕೆ ಎದುರಿರುವುದು ಗ್ರಹವೋ ಪದವೋ ಎಂಬುದರ ಪರಿವೆಯಿಲ್ಲ.

ಇದನ್ನು ಮಾಡಿಕೊಡುವ ತಂತ್ರಾಂಶಗಳಲ್ಲಿ ಗ್ನೂಪ್ಲಾಟ್ ಹಳೆಯದು, ಹಗುರವಾದದ್ದು, ಹಣ ಕೊಡದೆ ದೊರೆಯುವಂಥದು. ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ 1986ರಲ್ಲಿ ಇದನ್ನು ಆರಂಭಿಸಿದರು. ಹೆಸರಿನಲ್ಲಿ ಹೋಲಿಕೆಯಿದ್ದರೂ ಗ್ನು ಎಂಬ ಪ್ರಸಿದ್ಧ ತಂತ್ರಾಂಶ ಯೋಜನೆಗೂ ಇದಕ್ಕೂ ಹುಟ್ಟಿನ ಸಂಬಂಧವಿಲ್ಲ. ಮೊದಲು ರೇಖಾಚಿತ್ರ ಬರೆಯುವುದಷ್ಟೇ ಇದರ ಕೆಲಸವಾಗಿತ್ತು. ಕಾರ್ಸ್ಟೆನ್ ಗ್ರಾಮೆಸ್ ರಚಿಸಿದ ಹೊಂದಾಣಿಕೆಯ ಭಾಗ ಆಮೇಲೆ ಸೇರಿಕೊಂಡಿತು. ಐದನೆಯ ಆವೃತ್ತಿ 2015ರಲ್ಲಿಯೂ ಆರನೆಯದು 2023ರ ಕೊನೆಯಲ್ಲಿಯೂ ಬಂದವು. ಇದರಲ್ಲಿ ಗುಂಡಿ ಒತ್ತಿ ಮುಗಿಸುವ ಸೌಕರ್ಯ ಕಡಿಮೆ. ಆದೇಶಗಳನ್ನು ಸಾಲುಸಾಲಾಗಿ ಬರೆಯಬೇಕು. ಸಾಹಿತ್ಯದ ವಿದ್ಯಾರ್ಥಿಗೆ ಇದು ಮೊದಲು ತೊಡಕಾಗಿ ಕಂಡರೂ ನಿಜವಾಗಿ ಅನುಕೂಲವೇ ಸರಿ. ಬರೆದ ಆದೇಶ ಉಳಿಯುತ್ತದೆ, ಇನ್ನೊಬ್ಬರು ಅದನ್ನು ಓದಿ ಪರೀಕ್ಷಿಸಬಹುದು. ಒತ್ತಿದ ಗುಂಡಿಗೆ ದಾಖಲೆಯಿಲ್ಲ.

ಇಲ್ಲಿ ಆದೇಶಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕದಲ್ಲಿ ಅವನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿಯೇ ಟೈಪು ಮಾಡತಕ್ಕದ್ದು. ಹೆಸರಿನ ಕಾಗುಣಿತ ಜಿ, ಎನ್, ಯು ಎಂಬ ಮೂರು ಅಕ್ಷರಗಳ ಮುಂದೆ ಪ್ಲಾಟ್. ಆದೇಶ ಸಾಲಿನಲ್ಲಿ ಈ ಹೆಸರನ್ನು ಟೈಪು ಮಾಡಿದರೆ ತಂತ್ರಾಂಶ ತೆರೆದುಕೊಂಡು ತನ್ನ ಸೂಚಕ ಚಿಹ್ನೆಯನ್ನು ತೋರಿಸಿ ಕಾಯುತ್ತದೆ. ‘ಹೆಲ್ಪ್ ಫಿಟ್’ ಎಂದರೆ ಹೊಂದಾಣಿಕೆಯ ವಿವರಣೆ ಬರುತ್ತದೆ, ‘ಪಿಡಬ್ಲ್ಯುಡಿ’ ಎಂದರೆ ತಾನು ಯಾವ ಫೋಲ್ಡರಿನಲ್ಲಿದ್ದೇನೆಂದು ಅದು ಹೇಳುತ್ತದೆ, ‘ಕ್ವಿಟ್’ ಎಂದರೆ ಮುಚ್ಚಿಕೊಳ್ಳುತ್ತದೆ. ಕಡತ ಸಿಗಲಿಲ್ಲವೆಂಬ ದೂರು ಬಂದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಇಷ್ಟೇ: ಕಡತವಿರುವುದು ಒಂದು ಫೋಲ್ಡರಿನಲ್ಲಿ, ತಂತ್ರಾಂಶ ನಿಂತಿರುವುದು ಇನ್ನೊಂದರಲ್ಲಿ.

ಪದಗಳನ್ನು ಎಣಿಸುವುದು ಗ್ನೂಪ್ಲಾಟಿನ ಕೆಲಸವಲ್ಲ. ಅದಕ್ಕೆ ಬೇರೆ ಚಿಕ್ಕ ಪ್ರೋಗ್ರಾಂ ಬೇಕು. ಗ್ನೂಪ್ಲಾಟಿಗೆ ಒಪ್ಪಿಸಬೇಕಾದುದು ಸರಳ ಕಡತ: ಮೊದಲ ಕಂಬಸಾಲಿನಲ್ಲಿ ಒಟ್ಟು ಪದ, ಎರಡನೆಯದರಲ್ಲಿ ಅಲ್ಲಿಯವರೆಗಿನ ಭಿನ್ನಪದ. ಐನೂರು ಪದಗಳಿಗೊಮ್ಮೆ ಒಂದು ಸಾಲು ಬರೆದರೆ ಸಾಕು. ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ತಂತ್ರಾಂಶ ಟಿಪ್ಪಣಿಯೆಂದು ಬಿಟ್ಟುಬಿಡುವುದರಿಂದ ಯಾವ ಆವೃತ್ತಿಯ ಪಠ್ಯ, ಎಂದು ಎಣಿಸಿದ್ದು ಎಂಬುದನ್ನು ಅಲ್ಲಿಯೇ ಬರೆದಿಡಬಹುದು. ಅಂಕಿಗಳು ಮಾತ್ರ 1, 2, 3 ಎಂಬ ರೂಪದಲ್ಲಿಯೇ ಇರಬೇಕು. ಕನ್ನಡ ಅಂಕಿಗಳನ್ನು ಅದು ಸಂಖ್ಯೆಯೆಂದು ಗುರುತಿಸುವುದಿಲ್ಲ. ಅಲ್ಪವಿರಾಮದಿಂದ ಬೇರ್ಪಡಿಸಿದ ಕಡತವಾದರೆ ‘ಸೆಟ್ ಡೇಟಾಫೈಲ್ ಸೆಪರೇಟರ್’ ಎಂಬ ಆದೇಶದಿಂದ ಅದನ್ನು ಮೊದಲೇ ತಿಳಿಸಬೇಕು.

ಆದರೆ ಕನ್ನಡದ ಮಟ್ಟಿಗೆ ಅತ್ಯಂತ ಕಠಿಣವಾದ ನಿರ್ಧಾರ ಈ ಕಡತ ಹುಟ್ಟುವ ಮೊದಲೇ ಆಗಿಹೋಗಿರುತ್ತದೆ. ಪದವೆಂದರೆ ಯಾವುದು? ಮನೆ, ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳಲ್ಲಿಯೂ ಎಂಬ ಆರು ರೂಪಗಳನ್ನು ಯಂತ್ರ ಆರು ಭಿನ್ನಪದಗಳೆಂದು ಎಣಿಸುತ್ತದೆ. ಪ್ರಕೃತಿಯನ್ನು ಮಾತ್ರ ಎಣಿಸಿದರೆ ಅದು ಒಂದೇ. ಇಂಗ್ಲಿಷಿನಂಥ ಭಾಷೆಯಲ್ಲಿ ಈ ಎರಡು ಎಣಿಕೆಗಳ ಅಂತರ ಸಣ್ಣದು, ಕನ್ನಡದಲ್ಲಿ ದೊಡ್ಡದು. ಹಾಗಾಗಿ ಪ್ರತ್ಯಯಸಹಿತ ರೂಪಗಳನ್ನು ಎಣಿಸಿ ಪಡೆದ ಕನ್ನಡದ ಘಾತಾಂಕವನ್ನು ಇಂಗ್ಲಿಷಿನದರೊಡನೆ ಹೋಲಿಸಿ ಕನ್ನಡದ ಶಬ್ದಭಂಡಾರ ಹೆಚ್ಚು ಸಮೃದ್ಧವೆಂದು ಸಾರುವುದು ವ್ಯಾಕರಣವನ್ನು ಸಂಪತ್ತೆಂದು ತಪ್ಪು ತಿಳಿದಂತೆ. ಸಂಧಿಯದು ಇನ್ನೊಂದು ಸಮಸ್ಯೆ. ‘ಅವನಿಲ್ಲ’ ಒಂದು ಪದ, ‘ಅವನು ಇಲ್ಲ’ ಎರಡು. ‘ಮಾಡಬೇಕಾಗಿದೆ’ ಎಂಬುದನ್ನು ಒಬ್ಬ ಸಂಪಾದಕ ಕೂಡಿಸಿ ಅಚ್ಚು ಹಾಕಿಸುತ್ತಾನೆ, ಇನ್ನೊಬ್ಬ ಬಿಡಿಸಿ. ಹಳಗನ್ನಡ ಕಾವ್ಯಗಳಲ್ಲಿ ಪದವಿಭಾಗವೇ ಸಂಪಾದಕನ ಕೈಕೆಲಸ. ಅಲ್ಲಿ ಎಣಿಸಿದ್ದು ಕವಿಯ ಪದಗಳನ್ನೋ ಸಂಪಾದಕನ ಪದಗಳನ್ನೋ ಹೇಳುವುದು ಕಷ್ಟ. ಮುಂಬಯಿ, ಮುಂಬೈ ಎಂಬ ಎರಡು ಬರವಣಿಗೆಗಳು ಯಂತ್ರಕ್ಕೆ ಎರಡು ಊರುಗಳು. ಯುನಿಕೋಡಿನಲ್ಲಿ ಒತ್ತಕ್ಷರವನ್ನು ತಡೆಯಲು ಬಳಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯೊಂದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಒಂದೇ ಪದ ಎರಡಾಗುತ್ತದೆ. ಇವುಗಳನ್ನೆಲ್ಲ ಹೇಗೆ ಇತ್ಯರ್ಥ ಮಾಡಿದರೂ ಎರಡು ಪಠ್ಯಗಳಿಗೂ ಒಂದೇ ನಿಯಮವನ್ನು ಅನ್ವಯಿಸಿರಬೇಕು, ಆ ನಿಯಮವನ್ನು ಬರೆದು ತಿಳಿಸಿರಬೇಕು.

ಕಡತ ಸಿದ್ಧವಾದ ಬಳಿಕ ಹೊಂದಾಣಿಕೆಯ ಆದೇಶಗಳು ಐದೇ ಸಾಲು:

ಕೆ = 4.0
ಬಿ = 0.7
ಎಫ್(ಎಕ್ಸ್) = ಕೆ * ಎಕ್ಸ್**ಬಿ
ಫಿಟ್ ಎಫ್(ಎಕ್ಸ್) 'ಪದ.ಡ್ಯಾಟ್' ಯೂಸಿಂಗ್ 1:2 ವಯಾ ಕೆ, ಬಿ
ಪ್ಲಾಟ್ 'ಪದ.ಡ್ಯಾಟ್' ಯೂಸಿಂಗ್ 1:2, ಎಫ್(ಎಕ್ಸ್)

ಮೂರನೆಯ ಸಾಲು ಸೂತ್ರವನ್ನು ಹೇಳುತ್ತದೆ. ಅಲ್ಲಿ ಜೋಡಿ ನಕ್ಷತ್ರ ಘಾತದ ಚಿಹ್ನೆ. ನಾಲ್ಕನೆಯದರಲ್ಲಿ ‘ಯೂಸಿಂಗ್’ ಎಂಬುದು ಯಾವ ಕಂಬಸಾಲುಗಳನ್ನು ಬಳಸಬೇಕೆಂದೂ ‘ವಯಾ’ ಎಂಬುದು ಯಾವ ನಿಯತಾಂಕಗಳನ್ನು ಹುಡುಕಬೇಕೆಂದೂ ತಿಳಿಸುತ್ತವೆ. ಮೊದಲ ಎರಡು ಸಾಲುಗಳು ಆರಂಭಿಕ ಊಹೆ. ಅವನ್ನು ಬಿಟ್ಟುಬಿಟ್ಟರೆ ತಂತ್ರಾಂಶ ಎರಡನ್ನೂ 1 ಎಂದು ಇಟ್ಟುಕೊಂಡು ಹೊರಡುತ್ತದೆ.

ಈ ಊಹೆ ಏಕೆ ಬೇಕೆಂಬುದನ್ನು ತಿಳಿಯಲು ತಂತ್ರಾಂಶ ಹುಡುಕುವ ಬಗೆಯನ್ನು ಅರಿಯಬೇಕು. ಅದು ಬಳಸುವುದು ಲೆವೆನ್‌ಬರ್ಗ್ 1944ರಲ್ಲಿ ಸೂಚಿಸಿ ಮಾರ್ಕ್ವಾರ್ಟ್ 1963ರಲ್ಲಿ ರೂಪಿಸಿದ ಕ್ರಮವನ್ನು. ಮಂಜು ಕವಿದ ಘಟ್ಟದಲ್ಲಿ ಕಣಿವೆಯ ತಳವನ್ನು ಅರಸುವವನ ಸ್ಥಿತಿ ಅದರದು. ಕಾಲ ಕೆಳಗಿನ ಇಳಿಜಾರಷ್ಟೇ ಅದಕ್ಕೆ ಗೊತ್ತು. ನೆಲದ ಬಾಗು ನಂಬಿಕೆಗೆ ಅರ್ಹವೆನಿಸಿದಾಗ ದೊಡ್ಡ ಹೆಜ್ಜೆ ಇಡುತ್ತದೆ, ಇಲ್ಲವಾದಾಗ ಕಡಿದಾದ ದಿಕ್ಕಿನಲ್ಲಿ ಚಿಕ್ಕ ಹೆಜ್ಜೆ ಇಡುತ್ತದೆ. ಶೇಷವರ್ಗಗಳ ಮೊತ್ತ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಬದಲಾದರೆ ತಳ ಮುಟ್ಟಿತೆಂದು ನಿಂತುಬಿಡುತ್ತದೆ. ಹೊರಟ ಜಾಗ ತಪ್ಪಾಗಿದ್ದರೆ ಬೇರೊಂದು ಹಳ್ಳದಲ್ಲಿ ನಿಲ್ಲಬಹುದು. ಅದು ಬೇರೆ ಹಳ್ಳವೆಂದು ಅದಕ್ಕೆ ತಿಳಿಯದು.

ಊಹೆಯನ್ನು ಕಾಗದದ ಮೇಲೆಯೇ ಮಾಡಬಹುದು. ಲೆಕ್ಕದ ಸೌಕರ್ಯಕ್ಕಾಗಿ 1,000 ಪದಗಳಲ್ಲಿ 500 ಭಿನ್ನಪದಗಳೂ 10,000 ಪದಗಳಲ್ಲಿ 2,500 ಭಿನ್ನಪದಗಳೂ ಇವೆಯೆಂದು ಭಾವಿಸೋಣ. ಉದ್ದ ಹತ್ತು ಪಟ್ಟಾದಾಗ ಭಿನ್ನಪದ ಐದು ಪಟ್ಟಾಯಿತು. 5ರ ದಶಮಾನ ಲಘುಗಣಕ 0.699, ಅದೇ ಘಾತಾಂಕ. 1,000ದ ಆ ಘಾತ 125 ಆಗುವುದರಿಂದ 500ನ್ನು ಅದರಿಂದ ಭಾಗಿಸಿದರೆ ಕೆ ಎಂಬುದರ ಬೆಲೆ 4. ಮೇಲಿನ ಆರಂಭಿಕ ಬೆಲೆಗಳು ಹೀಗೆ ಬಂದವು. ಹೊಂದಾಣಿಕೆಗೆ ಮೊದಲೇ ಒಮ್ಮೆ ‘ಪ್ಲಾಟ್’ ಆದೇಶ ಕೊಟ್ಟು ಊಹೆಯ ರೇಖೆ ಬಿಂದುಗಳ ಆಸುಪಾಸಿನಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಒಂದು ಎಚ್ಚರಿಕೆ ಇಲ್ಲಿ ಸಲ್ಲುತ್ತದೆ. ಗ್ನೂಪ್ಲಾಟಿನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಭಿನ್ನರಾಶಿ ಉದುರಿಹೋಗುತ್ತದೆ. 7/10 ಎಂದು ಬರೆದರೆ ಅದು 0.7 ಅಲ್ಲ, ಸೊನ್ನೆ. 7.0/10 ಎಂದು ಬರೆಯಬೇಕು.

ಇನ್ನು ಅಣಿಗೊಳಿಸುವ ಮಾತು. ತಂತ್ರಾಂಶ ತೆರೆಯುವಾಗಲೆಲ್ಲ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ, ಚುಕ್ಕೆಯಿಂದ ಮೊದಲಾಗುವ ‘.ಗ್ನೂಪ್ಲಾಟ್’ ಎಂಬ ಕಡತವಿದ್ದರೆ ಅದನ್ನು ಓದಿಕೊಳ್ಳುತ್ತದೆ. ವಿಂಡೋಸಿನಲ್ಲಿ ಅದರ ಹೆಸರು ‘ಗ್ನೂಪ್ಲಾಟ್.ಐಎನ್‌ಐ’. ನಿತ್ಯ ಬೇಕಾಗುವ ಆದೇಶಗಳನ್ನು ಅಲ್ಲಿ ಬರೆದಿಡಬಹುದು. ಕನ್ನಡಕ್ಕೆ ‘ಸೆಟ್ ಎನ್‌ಕೋಡಿಂಗ್ ಯುಟಿಎಫ್8’ ಬೇಕು. ಚಿತ್ರದ ಹೊರಹರಿವಿಗೆ ‘ಪಿಎನ್‌ಜಿಕೈರೋ’ ಎಂಬ ಮಾಧ್ಯಮವನ್ನೂ ಒಂದು ಯುನಿಕೋಡ್ ಕನ್ನಡ ಅಕ್ಷರಮಾದರಿಯನ್ನೂ ಆರಿಸಿದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ಎಲ್ಲ ಮಾಧ್ಯಮಗಳಲ್ಲಿಯೂ ಈ ಭರವಸೆಯಿಲ್ಲ. ಇವು ಚಿತ್ರದ ಅಂದಕ್ಕೆ ಸಂಬಂಧಿಸಿದವು. ಉತ್ತರವನ್ನೇ ಬದಲಾಯಿಸಬಲ್ಲ ಆದೇಶಗಳನ್ನು ಮಾತ್ರ ಆ ಮರೆಯ ಕಡತದಲ್ಲಿ ಇಡಬಾರದು. ‘ಸೆಟ್ ಫಿಟ್ ಲಿಮಿಟ್’ ನಿಲ್ಲುವ ಮಿತಿಯನ್ನು ಬದಲಿಸುತ್ತದೆ, ‘ಸೆಟ್ ಫಿಟ್ ಮ್ಯಾಕ್ಸ್‌ಇಟರ್’ ಹೆಜ್ಜೆಗಳ ಸಂಖ್ಯೆಗೆ ಕಡಿವಾಣ ಹಾಕುತ್ತದೆ. ಇಂಥವು ಪ್ರತಿಯೊಂದು ಅಧ್ಯಯನದ ಆದೇಶ ಕಡತದಲ್ಲಿಯೇ ಎಲ್ಲರಿಗೂ ಕಾಣುವಂತಿರಬೇಕು. ಮಾರ್ಗದರ್ಶಕರ ಗಣಕದಲ್ಲಿ ಒಂದು ಉತ್ತರ, ವಿದ್ಯಾರ್ಥಿಯ ಗಣಕದಲ್ಲಿ ಇನ್ನೊಂದು ಉತ್ತರ ಬಂದರೆ ಮೊದಲು ಶಂಕಿಸಬೇಕಾದುದು ಈ ಮರೆಯ ಕಡತವನ್ನೇ. ತಂತ್ರಾಂಶದ ಹೆಸರಿನ ಮುಂದೆ ‘-ಡಿ’ ಎಂದು ಸೇರಿಸಿ ಆರಂಭಿಸಿದರೆ ಅದು ಅಂಥ ಯಾವ ಕಡತವನ್ನೂ ಓದುವುದಿಲ್ಲ.

ಹೊಂದಾಣಿಕೆಯ ಫಲಿತಾಂಶ ಪರದೆಯ ಮೇಲೆ ಬರುವುದಲ್ಲದೆ ‘ಫಿಟ್.ಲಾಗ್’ ಎಂಬ ಕಡತದಲ್ಲಿಯೂ ದಾಖಲಾಗುತ್ತದೆ. ಹಳೆಯದನ್ನು ಅಳಿಸದೆ ಹೊಸದನ್ನು ಕೊನೆಗೆ ಸೇರಿಸುತ್ತ ಹೋಗುವುದು ಅದರ ಕ್ರಮ. ಆದ್ದರಿಂದ ಪ್ರತಿ ಪಠ್ಯಕ್ಕೂ ಬೇರೆ ದಾಖಲೆ ಬೇಕಾದರೆ ‘ಸೆಟ್ ಫಿಟ್ ಲಾಗ್‌ಫೈಲ್’ ಎಂದು ಹೇಳಿ ಹೆಸರು ಕೊಡಬೇಕು. ಮೆಚ್ಚದ ಪ್ರಯತ್ನಗಳೂ ಅದರಲ್ಲಿ ಉಳಿಯುತ್ತವೆ, ಉಳಿಯಬೇಕು.

ಆ ದಾಖಲೆಯನ್ನು ಓದುವಾಗ ಕಣ್ಣು ಸಹಜವಾಗಿ ನಿಯತಾಂಕಗಳ ಮೇಲೂ ಅವುಗಳ ಮುಂದೆ ಅಧಿಕ-ಕಡಿಮೆ ಚಿಹ್ನೆಯೊಡನೆ ಬರುವ ಪ್ರಮಾಣದೋಷದ ಮೇಲೂ ನಿಲ್ಲುತ್ತದೆ. ಅಪಾಯವಿರುವುದು ಇಲ್ಲಿ. ಹನೇಹಳ್ಳಿಯ ಘಾತಾಂಕ ಒಂದು, ಮುಂಬಯಿಯದು ಇನ್ನೊಂದು, ಎರಡರ ಅಂತರ ಪ್ರಮಾಣದೋಷದ ಹತ್ತು ಪಟ್ಟು ಎಂದು ಕಂಡರೆ ವಿದ್ಯಾರ್ಥಿ ವಾದ ಗೆದ್ದನೆಂದೇ ಭಾವಿಸುತ್ತಾನೆ. ಗ್ನೂಪ್ಲಾಟಿನ ಕೈಪಿಡಿಯೇ ಈ ದೋಷಗಳು ಸಾಮಾನ್ಯವಾಗಿ ಅತಿಯಾದ ಆಶಾವಾದದವೆಂದೂ ಅವುಗಳಿಂದ ವಿಶ್ವಾಸದ ಮಟ್ಟವನ್ನು ನಿರ್ಣಯಿಸಬಾರದೆಂದೂ ಎಚ್ಚರಿಸುತ್ತದೆ. ಪದವೃದ್ಧಿಯ ವಿಷಯದಲ್ಲಂತೂ ಇನ್ನೊಂದು ಕಾರಣವಿದೆ. ಬಿಂದುಗಳು ಒಂದರಿಂದೊಂದು ಸ್ವತಂತ್ರವಾಗಿವೆ ಎಂಬ ಗ್ರಹಿಕೆಯ ಮೇಲೆ ಆ ದೋಷದ ಲೆಕ್ಕ ನಿಂತಿದೆ. ಭಿನ್ನಪದಗಳ ಎಣಿಕೆಯಾದರೋ ಸಂಚಿತವಾದದ್ದು. 5,000ನೆಯ ಪದದವರೆಗಿನ ಸಂಖ್ಯೆಯಲ್ಲಿ 4,500ರವರೆಗಿನದು ಪೂರ್ತಿಯಾಗಿ ಅಡಗಿದೆ. ಒಂದು ಸಾವಿರ ಬಿಂದುಗಳನ್ನು ಕೊಟ್ಟರೂ ಅವು ಸಾವಿರ ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ಸಾವಿರ ಸಲ ನುಡಿದಂತೆ. ಐನೂರು ಪದಗಳ ಬದಲು ಐವತ್ತು ಪದಗಳಿಗೊಮ್ಮೆ ಸಾಲು ಬರೆದರೆ ಹೊಸ ಮಾಹಿತಿಯೇನೂ ಸೇರದೆ ಪ್ರಮಾಣದೋಷ ಮಾತ್ರ ಕುಗ್ಗುತ್ತದೆ. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ.

ದಾಖಲೆಯ ಕೊನೆಯಲ್ಲಿ ನಿಯತಾಂಕಗಳ ಸಹಸಂಬಂಧದ ಕೋಷ್ಟಕವೊಂದು ಇರುತ್ತದೆ. ಅದನ್ನು ಓದದೆ ಬಿಡುವವರೇ ಹೆಚ್ಚು. ಮೇಲಿನ ಸೂತ್ರದಲ್ಲಿ ಕೆ ಮತ್ತು ಬಿ ಎಂಬವುಗಳ ಸಹಸಂಬಂಧ -1ಕ್ಕೆ ತೀರ ಹತ್ತಿರ ಬರುತ್ತದೆ. ಅಂದರೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದರೂ ರೇಖೆ ಹೆಚ್ಚುಕಡಿಮೆ ಅದೇ. ಹೀಗಿರುವಾಗ ಕೆ ಎಂಬುದಕ್ಕೆ ಪ್ರತ್ಯೇಕ ಅರ್ಥ ಹಚ್ಚುವುದು ವ್ಯರ್ಥ. ಪರಿಹಾರ ಸುಲಭ. ಸೂತ್ರವನ್ನು ಹೀಗೆ ತಿರುಗಿಸಿ ಬರೆಯಬೇಕು:

ಎಫ್(ಎಕ್ಸ್) = ವಿ * (ಎಕ್ಸ್/10000.0)**ಬಿ

ಈಗ ವಿ ಎಂಬುದು ಹತ್ತು ಸಾವಿರ ಪದಗಳಷ್ಟು ಓದಿದಾಗ ಸಿಗುವ ಭಿನ್ನಪದಗಳ ಸಂಖ್ಯೆ. ಓದುಗನಿಗೂ ವಿಮರ್ಶಕನಿಗೂ ಅದು ಅರ್ಥವಾಗುತ್ತದೆ. ಆಧಾರವಾಗಿ ಆರಿಸಿದ ಉದ್ದ ಪಠ್ಯದ ವ್ಯಾಪ್ತಿಯ ಒಳಗಿದ್ದರೆ ಸಹಸಂಬಂಧವೂ ಸಡಿಲವಾಗುತ್ತದೆ.

ಎರಡೂ ಕಂಬಸಾಲುಗಳ ಲಘುಗಣಕ ತೆಗೆದು ಸರಳರೇಖೆಯನ್ನು ಹೊಂದಿಸುವ ಪದ್ಧತಿಯೂ ಪ್ರಚಲಿತವಾಗಿದೆ. ಅದು ತಪ್ಪಲ್ಲ. ಆದರೆ ಉತ್ತರ ಬೇರೆ ಬರುತ್ತದೆ. ನೇರ ಹೊಂದಾಣಿಕೆಯಲ್ಲಿ ದೊಡ್ಡ ಸಂಖ್ಯೆಗಳಿರುವ ಕೊನೆಯ ಭಾಗ ರೇಖೆಯನ್ನು ಎಳೆದೊಯ್ಯುತ್ತದೆ, ಲಘುಗಣಕದಲ್ಲಿ ಎಲ್ಲ ಭಾಗಗಳ ಅನುಪಾತದ ಅಂತರಕ್ಕೂ ಸಮಾನ ಬೆಲೆ. ಯಾವುದನ್ನು ಅನುಸರಿಸಿದ್ದೆಂದು ಹೇಳದೆ ಕೊಟ್ಟ ಘಾತಾಂಕಕ್ಕೆ ಬೆಲೆಯಿಲ್ಲ.

ಶೇಷಗಳನ್ನೇ ಚಿತ್ರಿಸಿ ನೋಡುವುದು ಎಲ್ಲಕ್ಕಿಂತ ಮಿಗಿಲಾದ ಪರೀಕ್ಷೆ:

ಪ್ಲಾಟ್ 'ಪದ.ಡ್ಯಾಟ್' ಯೂಸಿಂಗ್ 1:($2-ಎಫ್($1))

ಬಿಂದುಗಳು ಸೊನ್ನೆಯ ಗೆರೆಯ ಮೇಲೆ ಕೆಳಗೆ ಕ್ರಮವಿಲ್ಲದೆ ಚದುರಿದ್ದರೆ ಸರಿ. ಪದವೃದ್ಧಿಯಲ್ಲಿ ಸಾಮಾನ್ಯವಾಗಿ ಕಾಣುವುದು ಅಲೆ. ಅಲೆಯ ಒಂದು ಭಾಗ ಸೂತ್ರದ ಅಪೂರ್ಣತೆಯಿಂದ ಬಂದದ್ದು, ಇನ್ನೊಂದು ಭಾಗ ಪಠ್ಯದಿಂದಲೇ ಬಂದದ್ದು. ಸಂಕಲನದಲ್ಲಿ ಹೊಸ ಕಥೆ ಆರಂಭವಾದೊಡನೆ ಹೊಸ ಪಾತ್ರಗಳು, ಹೊಸ ಸ್ಥಳ, ಹೊಸ ವೃತ್ತಿಯ ಮಾತುಗಳು ಬರುವುದರಿಂದ ರೇಖೆ ಮೇಲಕ್ಕೆ ಹಾರುತ್ತದೆ. ಅಂಥ ಹಾರಿಕೆಯ ಜಾಗಕ್ಕೆ ಮರಳಿ ಪುಟವನ್ನು ಓದಿದರೆ ಶೈಲಿಯ ವಿದ್ಯಾರ್ಥಿಗೆ ಘಾತಾಂಕಕ್ಕಿಂತ ಹೆಚ್ಚು ದೊರೆಯಬಹುದು. ಯಂತ್ರ ದೋಷವೆಂದು ಕರೆದದ್ದು ವಿಮರ್ಶೆಗೆ ವಸ್ತುವಾಗುವುದು ಇಲ್ಲಿ.

ಹಾಗಾದರೆ ಹನೇಹಳ್ಳಿ ಮತ್ತು ಮುಂಬಯಿಗಳ ಹೋಲಿಕೆಯನ್ನು ಹೇಗೆ ನಡೆಸಬೇಕು? ಎಲ್ಲ ಕಥೆಗಳನ್ನೂ ಒಟ್ಟುಗೂಡಿಸಿ ಎರಡು ಉದ್ದ ರೇಖೆಗಳನ್ನು ಎಳೆಯುವ ಬದಲು ಕಥೆಯನ್ನೇ ಘಟಕವಾಗಿ ಇಟ್ಟುಕೊಳ್ಳುವುದು ಲೇಸು. ಪ್ರತಿಯೊಂದು ಕಥೆಯಿಂದಲೂ ಮೊದಲ 2,000 ಪದಗಳನ್ನಷ್ಟೇ ತೆಗೆದುಕೊಂಡರೆ ಉದ್ದದ ತೊಡಕು ನಿವಾರಣೆಯಾಗುತ್ತದೆ. ಇಲ್ಲಿ ಆಧಾರದ ಉದ್ದವೂ 10,000ದ ಬದಲು 1,000 ಆಗಬೇಕು. ಕಥೆಗಳ ಕಡತಗಳಿಗೆ ಕ್ರಮಸಂಖ್ಯೆ ಕೊಟ್ಟು ‘ಡೂ ಫಾರ್’ ಎಂಬ ಆವರ್ತನದ ಆದೇಶದೊಳಗೆ ‘ಫಿಟ್’ ಸಾಲನ್ನಿಟ್ಟರೆ ತಂತ್ರಾಂಶ ಒಂದಾದಮೇಲೊಂದರಂತೆ ಎಲ್ಲವನ್ನೂ ಹೊಂದಿಸುತ್ತದೆ. ಪ್ರತಿ ಸುತ್ತಿನ ಮೊದಲಲ್ಲಿ ಆರಂಭಿಕ ಬೆಲೆಗಳನ್ನು ಮತ್ತೆ ಬರೆಯಬೇಕು, ಇಲ್ಲವಾದರೆ ಹಿಂದಿನ ಕಥೆಯ ಉತ್ತರವೇ ಮುಂದಿನದಕ್ಕೆ ಊಹೆಯಾಗುತ್ತದೆ. ‘ಸೆಟ್ ಪ್ರಿಂಟ್’ ಎಂದು ಕಡತವೊಂದನ್ನು ಹೆಸರಿಸಿ ‘ಪ್ರಿಂಟ್’ ಆದೇಶದಿಂದ ಪ್ರತಿ ಕಥೆಯ ವಿ ಮತ್ತು ಬಿ ಬೆಲೆಗಳನ್ನು ಅಲ್ಲಿ ಬರೆಸಬಹುದು. ಆಗ ಹನೇಹಳ್ಳಿಯ ಕಥೆಗಳ ಘಾತಾಂಕಗಳೊಂದು ಸಾಲು, ಮುಂಬಯಿ ಕಥೆಗಳದೊಂದು ಸಾಲು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಒಂದೇ ನೆಲದ ಕಥೆಗಳು ತಮ್ಮತಮ್ಮೊಳಗೆ ಎಷ್ಟು ಭಿನ್ನವಾಗಿವೆ ಎಂಬುದು ಆ ಸಾಲುಗಳ ಹರವಿನಲ್ಲಿಯೇ ಕಾಣುತ್ತದೆ. ಎರಡು ನೆಲಗಳ ಅಂತರವನ್ನು ತೂಗಬೇಕಾದುದು ಆ ಹರವಿನೊಡನೆ, ದಾಖಲೆಯಲ್ಲಿ ಅಚ್ಚಾದ ಪ್ರಮಾಣದೋಷದೊಡನೆ ಅಲ್ಲ.